ಒಂದು ಕಾಪಿ ನಿಮ್ಮಲ್ಲಿರಲಿ

ಬ್ಯಾಂಕಿನವರ ಮನೆ ಸೇರಿದ ಹೆಣ್ಣುಮಕ್ಕಳಿಗೆ ಕೆಲವು ವಿದ್ಯೆಗಳು ಕೇಳದೆಯೇ ಒಲಿಯುತ್ತವೆ. ಮಾರ್ಚ್ ಕೊನೆಯ ವಾರದಲ್ಲಿ ಗಂಡನ ಹತ್ತಿರ ಯಾವ ವಿಷಯವನ್ನೂ ಎತ್ತಬಾರದು ಎಂಬುದು ಒಂದು. ನೋಟಿನ ಕಂತೆಯನ್ನು ಎಂಜಲು ಮುಟ್ಟಿಸದೆ ಎಣಿಸುವುದು ಇನ್ನೊಂದು. ನನಗೆ ಇವುಗಳ ಜೊತೆಗೆ ಬ್ಯಾಕಪ್ ಎಂಬುದೂ ಒಲಿಯಿತು, ಅದೂ ನಾನು ಕಂಪ್ಯೂಟರಿನ ಮುಖ ನೋಡುವುದಕ್ಕೆ ಎಷ್ಟೋ ವರ್ಷ ಮೊದಲು.

ತೊಂಬತ್ತರ ದಶಕದ ಮಾತು. ನಮ್ಮವರ ಶಾಖೆಗೆ ಕಂಪ್ಯೂಟರು ಬಂದಿತ್ತು. ಸಂಜೆ ಲೆಕ್ಕ ತಾಳೆಯಾಗಿ ಡೇ ಎಂಡ್ ಮುಗಿದ ಮೇಲೆ ಆ ದಿನದ ವ್ಯವಹಾರವನ್ನೆಲ್ಲ ಟೇಪಿಗೆ ಇಳಿಸಬೇಕು. ಸೋಮವಾರಕ್ಕೊಂದು, ಮಂಗಳವಾರಕ್ಕೊಂದು ಎಂದು ವಾರಗಳ ಹೆಸರು ಬರೆದ ಕಾರ್ಟ್ರಿಜ್‌ಗಳು, ಅಂಗೈಗಿಂತ ಚಿಕ್ಕವು. ಒಂದು ಪ್ರತಿ ಶಾಖೆಯಲ್ಲಿ, ಇನ್ನೊಂದು ಶಾಖೆಯಿಂದ ಹೊರಗೆ. ಬೆಂಕಿ ಬಿದ್ದರೆ ಎರಡೂ ಒಟ್ಟಿಗೆ ಬೂದಿಯಾಗಬಾರದಲ್ಲ. ಆ ‘ಹೊರಗೆ’ ಎಂಬುದು ನಾವಿದ್ದ ಸಣ್ಣ ಊರಿನಲ್ಲಿ ನಮ್ಮ ಮನೆಯೇ ಆಗಿತ್ತು. ಟಿಫಿನ್ ಕ್ಯಾರಿಯರಿನ ಜೊತೆ ಬ್ಯಾಗಿನಲ್ಲಿ ಬಂದ ಕಾರ್ಟ್ರಿಜ್ ನೇರವಾಗಿ ಬೀರುವಿನೊಳಗೆ, ನನ್ನ ರೇಷ್ಮೆ ಸೀರೆಗಳ ಪಕ್ಕಕ್ಕೆ ಹೋಗುತ್ತಿತ್ತು.

ಅತ್ತೆಯವರು ಅದನ್ನು ಮೊದಲ ಸಲ ಕಂಡಾಗ, “ಊರವರ ದುಡ್ಡೆಲ್ಲ ಇದರೊಳಗಿದೆಯೇನೋ?” ಎಂದು ಕೇಳಿದರು.

“ದುಡ್ಡಲ್ಲಮ್ಮ, ಬರೀ ಲೆಕ್ಕ.”

“ಲೆಕ್ಕ ಹೋದ ಮೇಲೆ ದುಡ್ಡು ಇದ್ದೇನು ಬಂತು?” ಎಂದವರೇ ಬೀರುವಿನ ಬೀಗದ ಕೈಯನ್ನು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುಂದೆ ಎಷ್ಟೋ ವರ್ಷ ನಾನು ಸೀರೆ ಬೇಕಾದಾಗಲೆಲ್ಲ ಅವರನ್ನೇ ಕೇಳಬೇಕಾಯಿತು. ಬ್ಯಾಕಪ್ಪಿನಿಂದ ನನಗಾದ ಮೊದಲ ನಷ್ಟ ಇದು.

ಕೋರ್ ಬ್ಯಾಂಕಿಂಗ್ ಬಂತು. ಶಾಖೆಯ ಲೆಕ್ಕವೆಲ್ಲ ಎಲ್ಲೋ ದೂರದ ಕೇಂದ್ರಕ್ಕೆ ಹೋಗಿ ಕೂತಿತು, ಕಾರ್ಟ್ರಿಜ್‌ಗಳಿಗೆ ಎಳ್ಳುನೀರು ಬಿಟ್ಟರು. ನಮ್ಮವರಿಗೆ ಸಂಜೆಯ ಸಂಧ್ಯಾವಂದನೆಯೇ ತಪ್ಪಿಹೋದಂತಾಯಿತು. ಕೈ ಸುಮ್ಮನಿರಬೇಕಲ್ಲ, ಬ್ಯಾಂಕಿಗೆ ಬೇಡವಾದ ಆ ಶ್ರದ್ಧೆಯನ್ನೆಲ್ಲ ಅವರು ಸಂಸಾರದ ಮೇಲೆ ತಿರುಗಿಸಿದರು.

ಅದರ ಫಲ ಒಂದು ಶೂ ಡಬ್ಬ. ಅದೀಗ ಮೈಸೂರಿನ ನಮ್ಮ ಮನೆಯ ಅಟ್ಟದಲ್ಲಿದೆ. ತೆಗೆದು ನೋಡಿದರೆ ಮೇಲೆ ಪೆನ್‌ಡ್ರೈವುಗಳು, ನಡುವೆ ಸಿಡಿ ಡಿವಿಡಿಗಳು, ತಳದಲ್ಲಿ ಫ್ಲಾಪಿಗಳು, ಅಗೆಯುತ್ತ ಹೋದಷ್ಟೂ ಹಳೆಯ ಕಾಲ. ಪ್ರತಿಯೊಂದರ ಮೇಲೂ ಅವರ ಮುತ್ತಿನಂಥ ಅಕ್ಷರ: ‘ಗೃಹಪ್ರವೇಶ – ಮೂಲಪ್ರತಿ’, ‘ಗೃಹಪ್ರವೇಶ – ನಕಲು’, ‘ಗೃಹಪ್ರವೇಶ – ನಕಲಿನ ನಕಲು’. ಇಷ್ಟು ಚೆಂದದ ಚೀಟಿಗಳು ಯಾವ ಗ್ರಂಥಾಲಯದಲ್ಲೂ ಇರಲಾರವು. ತೊಂದರೆ ಏನೆಂದರೆ, ಅವುಗಳಲ್ಲಿ ಓದಲು ಬರುವುದು ಚೀಟಿ ಮಾತ್ರ. ಫ್ಲಾಪಿ ಹಾಕುವ ಕಂಪ್ಯೂಟರು ಈಗ ಗುಜರಿ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಕ್ಕಿದರೂ ಫ್ಲಾಪಿಯ ಹೊಟ್ಟೆ 1.44 ಎಂಬಿ, ಇವತ್ತಿನ ಫೋನಿನಲ್ಲಿ ತೆಗೆದ ಒಂದು ಪಟಕ್ಕೂ ಸಾಲದು. ಮನೆಯಲ್ಲಿ ಬರೆದ ಸಿಡಿಗಳ ಕಥೆ ಇನ್ನೂ ಕರುಣಾಜನಕ. ಅಂಗಡಿಯಲ್ಲಿ ಕೊಂಡ ಹಾಡಿನ ಸಿಡಿಯಲ್ಲಿ ಗುರುತುಗಳನ್ನು ಅಚ್ಚೊತ್ತಿರುತ್ತಾರೆ, ನಾವು ಬರೆದುಕೊಂಡದ್ದು ಬಣ್ಣದ ತೆಳು ಲೇಪದ ಮೇಲೆ. ಬಿಸಿಲಿಗೆ, ಸೆಕೆಗೆ, ಬರಿಯ ಕಾಲಕ್ಕೆ ಆ ಬಣ್ಣ ಮಾಸುತ್ತದೆ. ನಮ್ಮ ಗೃಹಪ್ರವೇಶ ಹೋಮದ ಹೊಗೆ ಏಳುವವರೆಗೆ ಸರಿಯಾಗಿ ನಡೆದು, ಪೂರ್ಣಾಹುತಿಗೆ ಮುಂಚೆ ಪುರೋಹಿತರು ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಾರೆ. ನಕಲಿನಲ್ಲಿ ಅವರು ಅಲ್ಲಿಯವರೆಗೂ ಬರುವುದಿಲ್ಲ.

ಡಬ್ಬದಲ್ಲಿ ಒಂದೇ ಒಂದು ಸಿಡಿ ನಿಯತ್ತಾಗಿ ತೆರೆದುಕೊಂಡಿತು. ಅದು ಮಾವನವರದು.

ಮಾವನವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಎಪ್ಪತ್ತು ದಾಟಿದ ಮೇಲೆ ಕಂಪ್ಯೂಟರಿನಲ್ಲಿ ಕನ್ನಡ ಕುಟ್ಟುವುದನ್ನು ಕಲಿತು ಆತ್ಮಕಥೆ ಬರೆಯಲು ಕೂತರು. ದಿನಕ್ಕೊಂದು ಪುಟ, ಎರಡು ಬೆರಳಿನಲ್ಲಿ. ಸಿಡಿಯೊಳಗಿನ ಕಡತವೇನೋ ತೆರೆಯಿತು. ಆದರೆ ಪರದೆಯ ತುಂಬ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡಿನ ಚಿಹ್ನೆ, ಮತ್ತೆ ಗೀಟು ಹೊತ್ತ ಎ. ನಮ್ಮವರು ವೈರಸ್ ಎಂದು ಗಾಬರಿಯಾದರು. ವೈರಸ್ಸಲ್ಲ, ಅದು ‘ಕನ್ನಡ’ ಎಂಬ ಪದದ ಮೊದಲ ತುಂಡು. ಯೂನಿಕೋಡ್ ನಮ್ಮಲ್ಲಿ ಬಳಕೆಗೆ ಬರುವ ಮುಂಚೆ ಸಾಮಾನ್ಯವಾಗಿ ಕಂಪ್ಯೂಟರಿಗೆ ಕನ್ನಡ ಬರುತ್ತಿರಲಿಲ್ಲ. ಅದು ಇಂಗ್ಲಿಷಿನ ಸಂಕೇತಗಳನ್ನೇ ಇಟ್ಟುಕೊಳ್ಳುತ್ತಿತ್ತು, ಮೇಲಿನಿಂದ ಕನ್ನಡದ ಫಾಂಟ್ ಆ ಸಂಕೇತಗಳಿಗೆ ಕನ್ನಡದ ವೇಷ ತೊಡಿಸುತ್ತಿತ್ತು. ನುಡಿ, ಬರಹ, ಶ್ರೀಲಿಪಿ, ಆಕೃತಿ ಎಂಬ ತಂತ್ರಾಂಶಗಳೆಲ್ಲ ಆ ಕಾಲದಲ್ಲಿ ನಮ್ಮ ಮಾನ ಕಾಪಾಡಿದವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದೇ ಕಡತ ತೆರೆದರೆ ವೇಷ ಕಳಚುತ್ತದೆ. ಕರ್ನಾಟಕದ ಎಷ್ಟು ಕಚೇರಿಗಳಲ್ಲಿ, ಎಷ್ಟು ಮುದ್ರಣಾಲಯಗಳಲ್ಲಿ, ಎಷ್ಟು ಲೇಖಕರ ಮನೆಗಳಲ್ಲಿ ಇಂಥ ಪೌಂಡು–ಗೀಟುಗಳ ರಾಶಿ ಬಿದ್ದಿದೆಯೋ! ಎಲ್ಲ ಜೋಪಾನವಾಗಿದೆ ಎಂದುಕೊಂಡೇ ಎಲ್ಲರೂ ಮಲಗುತ್ತಿದ್ದಾರೆ.

ಪುಣ್ಯಕ್ಕೆ ಇದಕ್ಕೆ ಮದ್ದಿದೆ. ಹಳೆಯ ಫಾಂಟಿನ ಬರಹವನ್ನು ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳನ್ನು ನಮ್ಮ ಹುಡುಗರೇ ಬರೆದು ಬಿಟ್ಟಿಯಾಗಿ ಕೊಟ್ಟಿದ್ದಾರೆ. ಒಂದು ಕಡೆ ಪೌಂಡು–ಗೀಟುಗಳನ್ನು ಸುರಿದು ಗುಂಡಿ ಒತ್ತಿದೆ, ಇನ್ನೊಂದು ಕಡೆ ಮಾವನವರು ಮಾತಾಡತೊಡಗಿದರು. ಅಲ್ಲಲ್ಲಿ ಅರ್ಕಾವೊತ್ತು ಜಾಗ ತಪ್ಪಿತ್ತು, ಅಷ್ಟೆ. ಆ ರಾತ್ರಿ ನಾವಿಬ್ಬರೂ ಊಟ ಮರೆತು ಓದಿದೆವು. ಅವರು ಹುಟ್ಟಿದರು, ಪ್ಲೇಗಿಗೆ ಹೆದರಿ ಊರು ಬಿಟ್ಟರು, ವಾರಾನ್ನ ಉಂಡು ಓದಿದರು, ಅತ್ತೆಯವರನ್ನು ನೋಡಲು ಹೋಗಿ ಅವರ ತಂಗಿಯನ್ನೇ ಹೆಣ್ಣೆಂದು ಭಾವಿಸಿ ಉಪ್ಪಿಟ್ಟು ತಿಂದರು, ಕಚೇರಿ ಸೇರಿದರು. ಅಲ್ಲಿಗೆ ಸಿಡಿ ಮುಗಿಯಿತು. ನಮ್ಮ ಪಾಲಿನ ಮಾವನವರು ಇನ್ನೂ ಗುಮಾಸ್ತರಾಗಿಯೇ ಇದ್ದಾರೆ, ಅವರಿಗೆ ಪ್ರಮೋಷನ್ ಸಿಕ್ಕಿಲ್ಲ.

ಉಳಿದ ಅಧ್ಯಾಯಗಳನ್ನು ಅವರು ತಮಗೆ ತಾವೇ ಇಮೇಲ್ ಮಾಡಿಕೊಂಡಿದ್ದರು. ಅದಕ್ಕಿಂತ ಭದ್ರ ಬೇರೇನಿದೆ ಎಂದು ಯಾರೋ ಹೇಳಿಕೊಟ್ಟಿದ್ದರಂತೆ. ಭದ್ರವೇ, ಸಂದೇಹವಿಲ್ಲ. ಮಗನಿಗೂ ಬಾಗಿಲು ತೆಗೆಯದಷ್ಟು ಭದ್ರ. ಪಾಸ್‌ವರ್ಡ್ ಅವರ ಡೈರಿಯಲ್ಲಿತ್ತು. ಅದನ್ನು ಹಾಕಿದರೆ, ನಿಮ್ಮ ಮೊಬೈಲಿಗೆ ಒಟಿಪಿ ಕಳಿಸಿದ್ದೇವೆ ಎಂದಿತು. ಆ ಮೊಬೈಲಿಗೆ ಅವರು ಹೋದ ಮೇಲೆ ನಾವು ರೀಚಾರ್ಜ್ ಮಾಡಿಸಿರಲಿಲ್ಲ. ತಿಂಗಳುಗಟ್ಟಲೆ ಬಳಸದ ನಂಬರನ್ನು ಕಂಪನಿಗಳು ಕಿತ್ತುಕೊಂಡು ಬೇರೆಯವರಿಗೆ ಕೊಡುತ್ತವೆ. ನಮ್ಮವರು ಇರಲಿ ಎಂದು ಆ ನಂಬರಿಗೆ ಫೋನ್ ಮಾಡಿದರು. ಅತ್ತ ಕಡೆಯಿಂದ ರಾಯಚೂರಿನ ಯಾವನೋ ಹುಡುಗ.

“ಯಾರ್ ಬೇಕಾಗಿತ್ರೀ?”

ನಮ್ಮವರಿಗೆ ಏನು ಹೇಳಬೇಕೋ ತೋಚಲಿಲ್ಲ. “ನಮ್ಮಪ್ಪ,” ಎಂದುಬಿಟ್ಟರು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಇಲ್ರೀ ಸರ, ಅವರು ಇಲ್ಲಿ ಇಲ್ಲ,” ಎಂದು ಬಹಳ ಮೆತ್ತಗೆ ಹೇಳಿ ಫೋನಿಟ್ಟ. ಒಟಿಪಿ ಕೇಳಿದ್ದರೆ ಆ ಒಳ್ಳೆಯ ಹುಡುಗ ಕೊಡುತ್ತಿದ್ದನೇನೋ. ಆದರೆ ಒಟಿಪಿ ಕೇಳುವವರ ಬಗ್ಗೆ ಗ್ರಾಹಕರನ್ನು ವರ್ಷಗಟ್ಟಲೆ ಎಚ್ಚರಿಸಿದ ಮನುಷ್ಯನ ಬಾಯಿಂದ ಆ ಮಾತು ಹೊರಡುವುದು ಹೇಗೆ?

ಬೆಂಗಳೂರಿನಲ್ಲಿರುವ ಮಗಳಿಗೆ ನಮ್ಮ ಶೂ ಡಬ್ಬ ಕಂಡರೆ ನಗು. “ಅಪ್ಪಾ, ಎಲ್ಲ ಕ್ಲೌಡಿಗೆ ಹಾಕಿ ನೆಮ್ಮದಿಯಾಗಿರಿ,” ಎಂದು ಒಂದು ಭಾನುವಾರ ಬಂದು ಎಲ್ಲವನ್ನೂ ಹಾಕಿಕೊಟ್ಟಳು. ಉಪಕಾರವನ್ನು ಮರೆಯಬಾರದು, ಕ್ಲೌಡ್ ಒಳ್ಳೆಯದೇ. ನನ್ನ ಫೋನು ನೀರಿನ ಸಂಪಿನೊಳಗೆ ಬಿದ್ದ ದಿನ ಸಂಜೆಯೊಳಗೆ ಹೊಸ ಫೋನಿನಲ್ಲಿ ನಂಟರಿಷ್ಟರ ನಂಬರು, ಪಟ ಎಲ್ಲ ಬಂದು ಕೂತವು. ನಾನು ಮರೆಯಬೇಕೆಂದಿದ್ದವರ ನಂಬರು ಕೂಡ.

ಆದರೂ ನನಗೆ ಕ್ಲೌಡ್ ಎಂದರೆ ಬೆಂಗಳೂರಿನ ಬಾಡಿಗೆ ಮನೆಯ ನೆನಪೇ. ಓನರು ಮೊದಲು ಎಷ್ಟು ಒಳ್ಳೆಯವರಾಗಿರುತ್ತಾರೆ! 2004ರ ಏಪ್ರಿಲ್ 1ರಂದು ಜಿಮೇಲ್ ಬಂದು, ಪ್ರತಿಯೊಬ್ಬರಿಗೂ ಒಂದು ಜಿಬಿ ಜಾಗ ಬಿಟ್ಟಿ ಎಂದಿತು. ಮಿಕ್ಕವರು ಕೆಲವೇ ಎಂಬಿಯನ್ನು ಚಮಚದಲ್ಲಿ ಅಳೆದು ಕೊಡುತ್ತಿದ್ದ ಕಾಲ. ತಾರೀಖು ನೋಡಿದ ಎಷ್ಟೋ ಜನ ಏಪ್ರಿಲ್ ಫೂಲ್ ಎಂದೇ ಭಾವಿಸಿದರು. 2015ರಲ್ಲಿ ಗೂಗಲ್ ಫೋಟೋಸ್ ಬಂತು. ಗುಣಮಟ್ಟ ಒಂದಿಷ್ಟು ಇಳಿಸಿಕೊಂಡರೆ ಎಷ್ಟು ಪಟ ಬೇಕಾದರೂ ಇಡಿ, ಕಾಸಿಲ್ಲ ಎಂದಿತು. ಇಟ್ಟೆವು. ತಟ್ಟೆಯಲ್ಲಿದ್ದ ದೋಸೆಯನ್ನು ಇಟ್ಟೆವು, ಕರೆಂಟ್ ಬಿಲ್ಲನ್ನು ಇಟ್ಟೆವು, ಗುಲಾಬಿ ಹೂವಿನ ಮೇಲೆ ಬರೆದ ಶುಭೋದಯಗಳನ್ನು ಇಟ್ಟೆವು, ಜೇಬಿನೊಳಗಿದ್ದಾಗ ಫೋನು ತಾನೇ ತೆಗೆದುಕೊಂಡ ಕತ್ತಲೆಯ ಪಟಗಳನ್ನೂ ಇಟ್ಟೆವು. 2021ರ ಜೂನ್ 1ಕ್ಕೆ ಓನರು ಬಂದು, ಇನ್ನು ಮೇಲೆ ಹಾಕುವ ಪ್ರತಿ ಪಟವನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ, ಮೇಲ್, ಪಟ, ಕಡತ ಎಲ್ಲ ಸೇರಿ 15 ಜಿಬಿ, ಮೀರಿದರೆ ತಿಂಗಳ ಬಾಡಿಗೆ ಎಂದರು. ಕೇಳಿದ್ದು ತಪ್ಪಲ್ಲ, ಜಾಗ ಅವರದು. ಕೇಳಲು ಬಂದದ್ದು ಮಾತ್ರ ನಾವು ಅಟ್ಟದವರೆಗೂ ಸಾಮಾನು ತುಂಬಿದ ಮೇಲೆ.

ಕೆಲವು ಓನರುಗಳು ಮನೆಯನ್ನೇ ಕೆಡವುತ್ತಾರೆ. ಆರ್ಕುಟ್ ಎಂಬ ಜಾಲತಾಣ ನೆನಪಿದೆಯೇ? ಭಾರತ, ಬ್ರೆಜಿಲ್ ಎರಡು ದೇಶಗಳು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದ್ದವು. ನಾನಾಗ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಪರೀಕ್ಷೆಯಲ್ಲಿ ನಾಲ್ಕು ಸಾಲು ಬರೆಯಲು ತಿಣುಕುತ್ತಿದ್ದ ಹುಡುಗರು ಆರ್ಕುಟ್ಟಿನಲ್ಲಿ ನನ್ನ ಬಗ್ಗೆ ಟೆಸ್ಟಿಮೋನಿಯಲ್ ಎಂದು ಪುಟಗಟ್ಟಲೆ ಬರೆದಿದ್ದರು. 2014ರ ಸೆಪ್ಟೆಂಬರ್ 30ಕ್ಕೆ ಅದು ಬಾಗಿಲು ಹಾಕಿತು. ಮುಂಚಿತವಾಗಿ ಹೇಳಿಯೇ ಹಾಕಿತು, ಆದರೆ ಹೇಳಿದ್ದನ್ನು ಕೇಳಿಸಿಕೊಳ್ಳಲು ಅಲ್ಲಿ ಯಾರಿದ್ದರು, ಎಲ್ಲರೂ ಅದಾಗಲೇ ಫೇಸ್‌ಬುಕ್ಕಿನ ಬೀದಿಗೆ ಮನೆ ಬದಲಿಸಿಯಾಗಿತ್ತು. ನಿವೃತ್ತಿಯ ದಿನ ಸಿಗುವ ಶಾಲು ಹಾರಕ್ಕಿಂತ ಆ ಹುಡುಗರ ಮಾತುಗಳು ಹೆಚ್ಚು ಬಾಳುತ್ತಿದ್ದವು. ಮೈಸ್ಪೇಸ್ ಎಂಬ ಇನ್ನೊಂದು ತಾಣವಿತ್ತು, ಹೊಸ ಹಾಡುಗಾರರು ತಮ್ಮ ಹಾಡುಗಳನ್ನೆಲ್ಲ ಅಲ್ಲಿಟ್ಟಿದ್ದರು. 2015ಕ್ಕೆ ಮುಂಚೆ ಹಾಕಿದ್ದೆಲ್ಲ ಸರ್ವರ್ ಬದಲಿಸುವಾಗ ಹೋಯಿತು ಎಂಬುದು 2019ರಲ್ಲಿ ಹೊರಬಿತ್ತು. ಮನೆ ಶಿಫ್ಟ್ ಮಾಡುವಾಗ ಎಲ್ಲರದೂ ಒಂದೆರಡು ಪಾತ್ರೆ ಕಳೆಯುತ್ತದೆ ನಿಜ, ಇವರದು ಹನ್ನೆರಡು ವರ್ಷದ ಹಾಡು ಕಳೆಯಿತು.

ಮತ್ತೆ ಕೆಲವು ಓನರಿಗೆ ಅನುಮಾನದ ಕಾಯಿಲೆ. ಸ್ಯಾನ್ ಫ್ರಾನ್ಸಿಸ್ಕೋದ ಒಬ್ಬ ತಂದೆಯ ಕಥೆಯನ್ನು 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ಬರೆಯಿತು. ಪುಟ್ಟ ಮಗನ ಮೈಯಲ್ಲಿ ಬಾವು. ಕೊರೊನಾ ಕಾಲ, ಡಾಕ್ಟರು ನೋಡುವುದೂ ವಿಡಿಯೋದಲ್ಲೇ. ನರ್ಸ್ ಕೇಳಿದಳೆಂದು ಪಟ ತೆಗೆದರು. ಪಟ ತಾನಾಗಿ ಕ್ಲೌಡಿಗೆ ಹೋಯಿತು, ಅಲ್ಲಿ ಕೂತಿದ್ದ ಯಂತ್ರ ಅದನ್ನು ಕಂಡು ಮಕ್ಕಳಿಗೆ ಕಿರುಕುಳ ಕೊಡುವವನೆಂದು ತೀರ್ಮಾನಿಸಿತು. ಖಾತೆ ಬಂದ್. ಮೇಲ್, ನಂಬರು, ವರ್ಷಗಳ ಪಟ, ಎಲ್ಲ ಒಳಗೆ, ಮನುಷ್ಯ ಬೀದಿಯಲ್ಲಿ. ಪೊಲೀಸರು ವಿಚಾರಿಸಿ ಇದರಲ್ಲಿ ಅಪರಾಧವೇ ಇಲ್ಲ ಎಂದರೂ ಗೂಗಲ್ ಬಾಗಿಲು ತೆಗೆಯಲಿಲ್ಲ. ಈ ಸುದ್ದಿ ಓದಿದ ಮೇಲೆ ನಾನು ಮೊಮ್ಮಗನ ಎಣ್ಣೆಸ್ನಾನದ ಪಟಗಳನ್ನೆಲ್ಲ ಸ್ಟುಡಿಯೋಗೆ ಕೊಟ್ಟು ಪ್ರಿಂಟ್ ಹಾಕಿಸಿಕೊಂಡು ಫೋನಿನಿಂದ ಅಳಿಸಿದೆ. ಎರಡು ವರ್ಷ ಯಾರೂ ಕಾಲಿಡದ ಖಾತೆಯನ್ನು ಅಳಿಸಬಹುದು ಎಂಬ ಷರತ್ತನ್ನೂ ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಸತ್ತವರು ಆಗಾಗ ಬಂದು ಲಾಗಿನ್ ಆಗಿ ಹೋಗುವ ವ್ಯವಸ್ಥೆ ಇನ್ನೂ ಆಗಿಲ್ಲ. ಬದುಕಿರುವಾಗಲೇ, ನನ್ನ ನಂತರ ಇಂಥವರಿಗೆ ಕೊಡಿ ಎಂದು ಒಂದು ಹೆಸರು ಬರೆದಿಡುವ ಏರ್ಪಾಡಂತೂ ಗೂಗಲ್, ಆ್ಯಪಲ್ ಎರಡರಲ್ಲೂ ಇದೆ. ನಮ್ಮವರು ತಮ್ಮದಕ್ಕೆ ನನ್ನ ಹೆಸರು ಕೊಟ್ಟರು, ನಾನು ಮಗಳ ಹೆಸರು ಕೊಟ್ಟೆ. ಅದರಿಂದಾದ ಮುನಿಸು ಒಂದು ವಾರ ನಡೆಯಿತು.

ಇನ್ನು ಬೆಂಕಿ. ಎಷ್ಟೇ ಮೇಲಿನ ಹೆಸರಿಟ್ಟರೂ ಕ್ಲೌಡ್ ಇರುವುದು ನೆಲದ ಮೇಲೆ, ಒಂದು ಕಟ್ಟಡದಲ್ಲಿ. 2021ರ ಮಾರ್ಚಿನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಇಡೀ ಒಂದು ಡೇಟಾ ಸೆಂಟರ್ ಉರಿದುಹೋಯಿತು. 2025ರ ಸೆಪ್ಟೆಂಬರಿನಲ್ಲಿ ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರಿಗೇ ಬೆಂಕಿ ಬಿತ್ತು. ನೌಕರರು ತಮ್ಮ ಕೆಲಸದ ಕಡತಗಳನ್ನು ಇಡುತ್ತಿದ್ದ ಸರ್ಕಾರಿ ಕ್ಲೌಡು, 858 ಟೆರಾಬೈಟ್, ಹೊರಗೆ ಒಂದು ಪ್ರತಿಯೂ ಇಲ್ಲದೆ ಹೋಯಿತು. ಪ್ರತಿ ಯಾಕಿರಲಿಲ್ಲ ಎಂದರೆ ಬಹಳ ದೊಡ್ಡದಾಗಿತ್ತು, ಅದಕ್ಕೆ ತೆಗೆಯಲಾಗಲಿಲ್ಲ ಎಂದರು. ನಮ್ಮವರು ಪೇಪರು ಮಡಿಸಿ ಪಕ್ಕಕ್ಕಿಟ್ಟರು. ಕಾಫಿ ಆರಿಹೋಯಿತು. “ನಮ್ಮ ಬೀರುವಿನಲ್ಲಿ ಸೋಮವಾರದ ಟೇಪು ಇತ್ತು ಕಣೇ,” ಎಂದರು. ಕೊರಿಯಾ ದೇಶದ ಮೇಲೆ ಅಷ್ಟು ಮರುಕಪಟ್ಟ ಇನ್ನೊಬ್ಬ ಮೈಸೂರಿಗರು ಇರಲಾರರು.

ಬೆಂಕಿಯೇ ಬೀಳಬೇಕೆಂದಿಲ್ಲ, ಮೊಮ್ಮಗ ಸಾಕು. ಬೇಸಿಗೆ ರಜೆಯಲ್ಲಿ ಬಂದವನು ಅಜ್ಜನ ಟ್ಯಾಬಿನಲ್ಲಿ ಹೊಸ ಆಟ ಹಾಕಿಕೊಳ್ಳಬೇಕೆಂದು, ಜಾಗ ಸಾಲದೆ, ಸಿಕ್ಕ ಪಟಗಳನ್ನೆಲ್ಲ ಒಂದು ಕಡೆಯಿಂದ ಒರೆಸಿದ. ಟ್ಯಾಬಿನಲ್ಲಿ ಅಳಿಸಿದ ಕೂಡಲೇ ಕ್ಲೌಡಿನಲ್ಲೂ ಅಳಿಯಿತು, ಕ್ಲೌಡಿನಲ್ಲಿ ಅಳಿದದ್ದು ನಮ್ಮವರ ಫೋನಿನಲ್ಲೂ ಅಳಿಯಿತು. ಆಗಲೇ ನನಗೆ ತಿಳಿದದ್ದು, ಸಿಂಕ್ ಬೇರೆ, ಬ್ಯಾಕಪ್ ಬೇರೆ ಎಂದು. ಸಿಂಕ್ ಎಲ್ಲ ಕಡೆಯೂ ಒಂದೇ ಥರ ಇರುವಂತೆ ನೋಡಿಕೊಳ್ಳುತ್ತದೆ, ಆ ಒಂದೇ ಥರ ಎಂಬುದು ಸೊನ್ನೆಯಾದರೂ ಅದಕ್ಕೆ ಬೇಸರವಿಲ್ಲ. ಕಸದ ಬುಟ್ಟಿಯಲ್ಲಿ ಕೆಲವು ದಿನ ಇಟ್ಟಿರುತ್ತಾರಾದ್ದರಿಂದ ಪಟಗಳು ಮರಳಿ ಬಂದವು. ಅಜ್ಜ ಮೊಮ್ಮಗನನ್ನು ಬೈಯಲಿಲ್ಲ. ಕೂರಿಸಿಕೊಂಡು ಕಾರ್ಟ್ರಿಜ್‌ಗಳ ಕಥೆ ಹೇಳಿದರು. ಬೈಗುಳವೇ ವಾಸಿಯಿತ್ತು ಎಂಬಂತೆ ಹುಡುಗ ನನ್ನನ್ನು ನೋಡಿದ.

ಇದೆಲ್ಲ ಆದ ಮೇಲೆ ನಮ್ಮ ಮನೆಯಲ್ಲಿ ಈಗ 3–2–1 ಸೂತ್ರ ಜಾರಿಯಲ್ಲಿದೆ. ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ ಜನಪ್ರಿಯಗೊಳಿಸಿದ ಸೂತ್ರ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ನಮ್ಮವರಿಗೆ ಇದು ಹೊಸದೇನಲ್ಲ, ಬ್ಯಾಂಕಿನ ಹಳೆಯ ಸುತ್ತೋಲೆಯೇ ಬೇರೆ ವೇಷದಲ್ಲಿ ಬಂದಂತಾಯಿತು. ವಿಶ್ವ ಬ್ಯಾಕಪ್ ದಿನ ಎಂದೂ ಒಂದಿದೆಯಂತೆ, ಮಾರ್ಚ್ 31. ಬ್ಯಾಂಕಿನವರ ಮನೆಗೆ ಮಾರ್ಚ್ 31ರಂದು ಅದೊಂದು ಕಡಿಮೆಯಾಗಿತ್ತು.

ಹೊರಗಿನ ಪ್ರತಿ ಎಲ್ಲಿಡುವುದು ಎಂದು ಬಹಳ ಚರ್ಚೆಯಾಗಿ ಕೊನೆಗೆ ಶಿವಮೊಗ್ಗದ ನಾದಿನಿಯ ಮನೆ ಗೊತ್ತಾಯಿತು. ಅವಳ ಮನೆಯಲ್ಲಿ ಕಂಪ್ಯೂಟರೇ ಇಲ್ಲ. “ಅದಕ್ಕೇ ಅಲ್ಲಿ ಭದ್ರ,” ಎಂದರು ನಮ್ಮವರು. ಹಾರ್ಡ್ ಡಿಸ್ಕನ್ನು ಎಲೆ ಅಡಿಕೆಯ ಸಮೇತ ತಂಗಿಯ ಕೈಗಿಟ್ಟು, ತೇವ ತಾಗಬಾರದು, ಬೀಳಬಾರದು, ಮ್ಯಾಗ್ನೆಟ್ಟಿನ ಹತ್ತಿರ ಇಡಬಾರದು ಎಂದೆಲ್ಲ ಹೇಳಿ ಬಂದರು. ಅವಳು ಅಣ್ಣನ ಮಾತು ಮೀರುವವಳಲ್ಲ. ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿಡುತ್ತಾರೆಂದು ಎಲ್ಲೋ ಕೇಳಿದ್ದಳು, ಮಲೆನಾಡಿನ ಮಳೆಗೆ ಅದೇ ಸರಿ ಎಂದು ಅಕ್ಕಿ ಡಬ್ಬದೊಳಗೆ ಹುದುಗಿಸಿಟ್ಟಳು. ಆಯುಧಪೂಜೆಗೆ ಹೊರಗೆ ತೆಗೆದು ಕುಂಕುಮ ಹಚ್ಚಿ, ಹೂವಿಟ್ಟು, ಮತ್ತೆ ಅಕ್ಕಿಗೆ. ಹಾರ್ಡ್ ಡಿಸ್ಕನ್ನು ಸುಮ್ಮನೆ ಮಲಗಿಸಿಡಬಾರದು, ಆಗಾಗ ತೆರೆದು ಓದಿಸಿ ನೋಡಬೇಕು ಎಂಬುದು ನಮ್ಮವರ ಸಿದ್ಧಾಂತ. ತಾಂತ್ರಿಕವಾಗಿ ಅದು ಸರಿಯೇ, ವಾಪಸ್ ಬರುತ್ತದೆಯೇ ಎಂದು ಪರೀಕ್ಷಿಸದ ಬ್ಯಾಕಪ್ಪನ್ನು ನಂಬಲಾಗದು. ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಕಂಪನಿಯಲ್ಲಿ 2017ರಲ್ಲಿ ಒಬ್ಬ ಇಂಜಿನಿಯರ್ ತಪ್ಪಾಗಿ ದತ್ತಾಂಶ ಅಳಿಸಿದಾಗ, ಇದ್ದ ಐದು ಬಗೆಯ ಬ್ಯಾಕಪ್ಪುಗಳಲ್ಲಿ ಯಾವುದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲವೆಂದು ಗೊತ್ತಾಯಿತು. ಕೊನೆಗೆ ಕೈಹಿಡಿದದ್ದು ಆಕಸ್ಮಿಕವಾಗಿ ಸ್ವಲ್ಪ ಹೊತ್ತಿಗೆ ಮುಂಚೆ ತೆಗೆದಿದ್ದ ಒಂದು ಪ್ರತಿ. ಹಾಗಾಗಿ ನಮ್ಮವರು ಹಾರ್ಡ್ ಡಿಸ್ಕಿನ ಯೋಗಕ್ಷೇಮ ವಿಚಾರಿಸಲು ವರ್ಷಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗುತ್ತಾರೆ. ಆ ಭೇಟಿ ಪ್ರತಿ ಸಲವೂ ಅಪ್ಪೆಮಿಡಿ ಹಾಕುವ ಕಾಲದಲ್ಲೇ ಯಾಕೆ ಬರುತ್ತದೆ ಎಂದು ನಾನು ಕೇಳಿಲ್ಲ.

ಹೀಗೆಯೇ ಯಾರದೋ ಮನೆಯಲ್ಲಿ ಒಂದು ಪ್ರತಿ ಇದ್ದದ್ದರಿಂದ ಉಳಿದ ಸಿನಿಮಾ ಒಂದಿದೆ. 1998ರಲ್ಲಿ ಪಿಕ್ಸಾರ್ ಸ್ಟುಡಿಯೋದಲ್ಲಿ ಯಾರೋ ಕೊಟ್ಟ ಒಂದು ಅಳಿಸುವ ಆದೇಶದಿಂದ ‘ಟಾಯ್ ಸ್ಟೋರಿ 2’ ಚಿತ್ರದ ಬಹುಪಾಲು ಕಡತಗಳು ಕಣ್ಣೆದುರೇ ಮಾಯವಾದವು. ಬ್ಯಾಕಪ್ ನೋಡಿದರೆ ಅದೂ ಕೈಕೊಟ್ಟಿತ್ತು. ಗ್ಯಾಲಿನ್ ಸುಸ್‌ಮನ್ ಎಂಬಾಕೆ ಆಗಷ್ಟೇ ಹೆತ್ತು, ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಅವಳ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಪ್ರತಿಯಿತ್ತು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ, ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂರಿಸಿ, ನಿಧಾನವಾಗಿ ಸ್ಟುಡಿಯೋಗೆ ತಂದರಂತೆ. ಕೋಟಿಗಟ್ಟಲೆ ಸುರಿದ ಸ್ಟುಡಿಯೋದ ಏರ್ಪಾಡು ಸೋತಲ್ಲಿ ಬಾಣಂತಿಯ ಮನೆ ಗೆದ್ದಿತು.

ಪಾಠ ಮಾಡಿದ ಚಾಳಿ ಹೋಗುವುದಿಲ್ಲ, ಇದನ್ನು ಓದಿದಾಗ ನನಗೆ ಅತ್ತಿಮಬ್ಬೆ ನೆನಪಾದಳು. ‘ದಾನಚಿಂತಾಮಣಿ ಅತ್ತಿಮಬ್ಬೆ, ಟಿಪ್ಪಣಿ ಬರೆಯಿರಿ’ ಎಂದು ಎಷ್ಟು ಪ್ರಶ್ನೆಪತ್ರಿಕೆಗಳಲ್ಲಿ ಕೇಳಿದ್ದೇನೋ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು, ರನ್ನನಿಂದ 993ರಲ್ಲಿ ಅಜಿತಪುರಾಣ ಬರೆಸಿದಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು ಎಂದು ಹುಡುಗರು ಬರೆಯುತ್ತಿದ್ದರು, ನಾನು ಅಂಕ ಕೊಟ್ಟು ಮುಂದಿನ ಪುಟ ತಿರುವುತ್ತಿದ್ದೆ. ಸಾವಿರ ಎಂಬುದರ ಮೇಲೆ ಕಣ್ಣು ನಿಂತದ್ದು ಈಗ. ಒಂದೊಂದು ಓಲೆಯನ್ನು ಹದ ಮಾಡಿ, ಕತ್ತರಿಸಿ, ತೂತು ಹೊಡೆದು, ಕಬ್ಬಿಣದ ಕಂಠದಿಂದ ಗೀರಿ ಬರೆದು, ಕಾಡಿಗೆ ಹಚ್ಚಿ ಒರೆಸಿದರೆ ಅಕ್ಷರ ಕಾಣುತ್ತದೆ. ಹಾಗೆ ಒಂದು ಇಡೀ ಪುರಾಣ. ಹಾಗೆ ಸಾವಿರ ಪುರಾಣ. ಮಾಡಿಸಿದವಳು ಅವನ್ನು ಒಂದು ಭಂಡಾರದಲ್ಲಿ ಬೀಗ ಹಾಕಿ ಇಡಲಿಲ್ಲ, ಕೊಟ್ಟುಬಿಟ್ಟಳು. ಆ ಪೊನ್ನನೇ ಬರೆದ ‘ಭುವನೈಕರಾಮಾಭ್ಯುದಯ’ ನಮಗೆ ಸಿಕ್ಕಿಲ್ಲ. ರನ್ನನ ‘ಪರಶುರಾಮಚರಿತ’ ಸಿಕ್ಕಿಲ್ಲ. ಒಂದನೆಯ ಗುಣವರ್ಮನ ‘ಶೂದ್ರಕ’ ಬೇರೆಯವರು ತಮ್ಮ ಗ್ರಂಥಗಳಲ್ಲಿ ಎತ್ತಿಕೊಂಡ ಕೆಲವು ಪದ್ಯಗಳಾಗಿ ಮಾತ್ರ ಉಳಿದಿದೆ. ಶಾಂತಿಪುರಾಣ ಇಡಿಯಾಗಿ ಇದೆ. ಆ ಸಾವಿರದಿಂದಲೇ ಉಳಿಯಿತೆಂದು ಪ್ರಮಾಣ ಮಾಡಿ ಹೇಳಲು ನಾನು ಸಂಶೋಧಕಿಯಲ್ಲ. ಆದರೂ ನಮ್ಮ ಸಾಹಿತ್ಯದ ಮೊದಲ ಬ್ಯಾಕಪ್ ಅಧಿಕಾರಿ ಯಾರೆಂದು ಕೇಳಿದರೆ ನಾನು ಅವಳಿಗೇ ಓಟು ಹಾಕುತ್ತೇನೆ. ನಮ್ಮೂರಿನ ಪ್ರಾಚ್ಯ ಗ್ರಂಥಾಲಯಕ್ಕೆ 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಕಟ್ಟು ಬಂದದ್ದೂ ಯಾರದೋ ಹತ್ತಿರ ಉಳಿದಿದ್ದ ಪ್ರತಿಯಾಗಿಯೇ, ತಂಜಾವೂರು ಸೀಮೆಯ ಒಬ್ಬ ಪಂಡಿತರ ಕೈಯಿಂದ. ಹೋಗಿಯೇ ಬಿಟ್ಟಿತು ಎಂದು ಎಲ್ಲರೂ ಕೈಬಿಟ್ಟಿದ್ದ ಗ್ರಂಥ. ಆ ಗ್ರಂಥಾಲಯದ ಶಾಮಾಶಾಸ್ತ್ರಿಗಳು 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು.

ನಮ್ಮ ಮನೆಯ ಮಟ್ಟಿಗೂ ನನ್ನ ತೀರ್ಮಾನ ಇದೇ. ನಾವು ಜೋಪಾನ ಮಾಡಿದ್ದಕ್ಕಿಂತ ಬೇರೆಯವರು ಇಸಿದುಕೊಂಡು ಹೋಗಿ ವಾಪಸ್ ಕೊಡದೆ ಇಟ್ಟುಕೊಂಡದ್ದೇ ಹೆಚ್ಚು ಉಳಿದಿದೆ. ಆ ಕಾಲದಲ್ಲಿ ಅವರನ್ನು ನಾವು ಬೈದುಕೊಂಡದ್ದುಂಟು.

ನಾದಿನಿಯ ಮದುವೆ 1984ರಲ್ಲಿ ನಡೆಯಿತು. ಅತ್ತೆಯವರು ಹಾಡುಗಾರ್ತಿ. ಅರಿಶಿನ ಕುಟ್ಟುವುದರಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಒಂದೊಂದಕ್ಕೂ ಹಾಡಿತ್ತು. ದುಬೈಯಿಂದ ನಂಟರೊಬ್ಬರು ತಂದಿದ್ದ ಟೇಪ್ ರೆಕಾರ್ಡರನ್ನು ಚಪ್ಪರದ ಕಂಬಕ್ಕೆ ಕಟ್ಟಿ, ಎರಡು ಕ್ಯಾಸೆಟ್ ತುಂಬ ಅದನ್ನೆಲ್ಲ ಹಿಡಿದಿದ್ದರು. ಮೊದಲನೆಯದರಲ್ಲಿ ಶಾಸ್ತ್ರದ ಹಾಡುಗಳು. ಎರಡನೆಯದರಲ್ಲಿ ಬೀಗರ ಹಾಡು. ಗಂಡಿನ ಕಡೆಯವರ ಮೂಗು, ಮೀಸೆ, ಅವರು ತಂದ ಸೀರೆಯ ಅಂಚು, ಅವರ ಭಾವ ಹೋಳಿಗೆ ತಿಂದ ಲೆಕ್ಕ, ಎಲ್ಲವನ್ನೂ ಅಲ್ಲಿಯೇ ಕಟ್ಟಿ ಹಾಡಿದ್ದು, ಯಾವ ಪುಸ್ತಕದಲ್ಲೂ ಇಲ್ಲದ್ದು. ಆಮೇಲೆ ಅವನ್ನು ಕೇಳಿದವರು ಕೇಳಿದಂತೆ ಒಯ್ದರು. ನಮ್ಮಲ್ಲಿ ಉಳಿದಿದ್ದ ಮೊದಲ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರೇ ನುಂಗಿತು. ಪೆನ್ಸಿಲ್ ತೂರಿಸಿ ಸುತ್ತಿಟ್ಟದ್ದಕ್ಕೆ ಮಳೆಗಾಲದ ಬೂಷ್ಟು ಹಿಡಿಯಿತು.

ಕಳೆದ ವರ್ಷ ಕೊಪ್ಪದ ಚಿಕ್ಕಮ್ಮನ ಮನೆ ರಿಪೇರಿಯಾಗುವಾಗ ನಾಗಂದಿಗೆಯಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ನಮ್ಮ ಮೊದಲ ಕ್ಯಾಸೆಟ್ಟಿನ ನಕಲು. ಆಗೆಲ್ಲ ಎರಡು ಟೇಪ್ ರೆಕಾರ್ಡರನ್ನು ಎದುರುಬದುರು ಕೂರಿಸಿ ನಕಲು ಮಾಡುತ್ತಿದ್ದರು. ಹಾಗಾಗಿ ಅತ್ತೆಯವರ ಹಾಡಿನ ಜೊತೆಗೆ ಕೊಪ್ಪದ ಅಡುಗೆಮನೆಯ ಕುಕ್ಕರು ಕೂಗಿದ್ದು, ಹೊರಗೆ ಕೋಳಿ ಕೂಗಿದ್ದು, “ಶ್, ಸುಮ್ನಿರೇ, ರೆಕಾರ್ಡ್ ಆಗ್ತಾ ಇದೆ,” ಎಂದು ಚಿಕ್ಕಮ್ಮ ಯಾರನ್ನೋ ಗದರಿದ್ದು, ಎಲ್ಲ ಬಂದಿದೆ. ಮಗಳು ಅದರ ಸದ್ದನ್ನು ಶುಚಿ ಮಾಡಿಸುತ್ತೇನೆ ಎಂದಳು. ಬೇಡ ಎಂದೆ. ಅದೀಗ ಮೈಸೂರಿನಲ್ಲಿದೆ, ಶಿವಮೊಗ್ಗದ ಅಕ್ಕಿಯಲ್ಲಿದೆ, ಕ್ಲೌಡಿನಲ್ಲೂ ಇದೆ, ಇಪ್ಪತ್ತೆಂಟು ಮನೆಗಳ ಪೆನ್‌ಡ್ರೈವಿನಲ್ಲಿದೆ. ಅತ್ತಿಮಬ್ಬೆಯ ಸಾವಿರಕ್ಕೆ ಇನ್ನೂ ದೂರವಿದೆ.

ಎರಡನೆಯ ಕ್ಯಾಸೆಟ್ ಮಾತ್ರ ಸಿಕ್ಕಿಲ್ಲ. ಬೀಗರ ಕಡೆಯವರೇ ಯಾರೋ ಸಿಟ್ಟಿನಿಂದಲೋ ಪ್ರೀತಿಯಿಂದಲೋ ಒಯ್ದರು ಎಂಬುದು ನಾದಿನಿಯ ಗುಮಾನಿ. ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ‘ಮದುವೆ – 2’ ಎಂದು ಮಾವನವರ ಅಕ್ಷರವಿರುತ್ತದೆ. ಶಿವಮೊಗ್ಗ, ತೀರ್ಥಹಳ್ಳಿ, ಕೊಪ್ಪ, ಚಿಕ್ಕಮಗಳೂರಿನ ಕಡೆ ಹಳೆಯ ಮನೆಯ ಅಟ್ಟವಿದ್ದವರು ದಯವಿಟ್ಟು ಒಮ್ಮೆ ಹತ್ತಿ ನೋಡಿ. ಅದರ ಮೇಲೆ ನೀವು ಬೇರೆ ಹಾಡು ರೆಕಾರ್ಡ್ ಮಾಡಿಕೊಂಡಿದ್ದರೂ ಸಂಕೋಚ ಬೇಡ, ಕೊನೆಯಲ್ಲಿ ಒಂದಿಷ್ಟು ಉಳಿದಿರಬಹುದು. ಕ್ಯಾಸೆಟ್ ನಿಮ್ಮದೇ, ನಾವು ಕಾಪಿ ಮಾಡಿಕೊಂಡು ಹಿಂದಿರುಗಿಸುತ್ತೇವೆ. ಟೇಪ್ ರೆಕಾರ್ಡರು ನಮ್ಮಲ್ಲಿದೆ, ಈಗ ನುಂಗುವುದಿಲ್ಲ, ರಿಪೇರಿ ಮಾಡಿಸಿದ್ದೇವೆ.